ಕೊಳ್ಳುವ ಮುಖ, ಮಾರುವ ಮುಖ

ಮನುಷ್ಯನಿಗೆ ಎಷ್ಟು ಮುಖಗಳಿವೆ ಎಂಬುದರ ಬಗ್ಗೆ ಸ್ವಾಮಿಗಳು ಪ್ರವಚನದಲ್ಲಿ ಏನೇನೋ ಹೇಳುತ್ತಾರೆ. ನನ್ನ ಮಟ್ಟಿಗೆ ವಿಷಯ ಬಹಳ ಸುಲಭ. ನನಗಿರುವುದು ಎರಡೇ ಮುಖ: ಒಂದು ಕೊಳ್ಳುವ ಮುಖ, ಇನ್ನೊಂದು ಮಾರುವ ಮುಖ. ದೇವರು ದೊಡ್ಡವನು, ಎರಡನ್ನೂ ಒಟ್ಟಿಗೆ ನೋಡುವ ಭಾಗ್ಯವನ್ನು ಯಾರಿಗೂ ಕೊಟ್ಟಿರಲಿಲ್ಲ. ನನ್ನ ಕೊಳ್ಳುವ ಮುಖ ಕಂಡವರು ಊರು ಬಿಟ್ಟು ಹೋಗುವವರು, ಮಾರುವ ಮುಖ ಕಾಣುವವರು ಊರಿಗೆ ಹೊಸದಾಗಿ ಬಂದವರು. ಇಬ್ಬರೂ ಒಂದು ಕಡೆ ಕೂತು ಚಹಾ ಕುಡಿಯುವ ಸಂಭವವೇ ಇಲ್ಲ. ಈ ಏರ್ಪಾಡಿನ ಮೇಲೆ ನನ್ನ ಅಂಗಡಿ, ಮನೆ, ಮಗಳ ಓದು ಎಲ್ಲವೂ ನಿಂತಿದ್ದವು. ಆ ಮಗಳ ಕೈಗೇ ಒಂದು ಕ್ಯಾಮೆರಾ ಸಿಕ್ಕಿತು ನೋಡಿ, ಅಲ್ಲಿಂದ ನನಗೆ ನಿದ್ದೆ ಇಲ್ಲ.

ನಾನು ರಾಣೆಬೆನ್ನೂರಿನ ಕಡೆಯವನು. ವಿಶಾಖಪಟ್ಟಣಕ್ಕೆ ಒಂದು ಚೀಲ ಹಿಡಿದುಕೊಂಡು ಬಂದವನು, ಈಗ ಇಲ್ಲಿಯದೇ ಗಾಜುವಾಕದಲ್ಲಿ ಹಳೆ ಸಾಮಾನಿನ ಅಂಗಡಿ ಇಟ್ಟಿದ್ದೇನೆ. ಹಳೆ ಸಾಮಾನು ಎಂದರೆ ಗುಜರಿಯಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಇಲ್ಲಿ ನೌಕಾಪಡೆಯ ಸಂಸಾರಗಳು ಬಹಳ. ಬದಲಿಯ ಆರ್ಡರು ಬಂತೆಂದರೆ ಮಂಚ, ಫ್ರಿಜ್ಜು, ಸೋಫಾ ಎಲ್ಲ ಮಾರಿ ಹೊರಡುತ್ತಾರೆ. ಅವರ ಜಾಗಕ್ಕೆ ಬರುವವರಿಗೆ ಮಂಚ, ಫ್ರಿಜ್ಜು, ಸೋಫಾ ಬೇಕಾಗುತ್ತದೆ. ನಡುವೆ ನಿಂತವನು ನಾನು. ಇದರಲ್ಲಿ ನನಗೆ ಗೊತ್ತಿರುವುದನ್ನು ಯಾರೇ ಕೇಳಿದರೂ ಹೇಳಿಕೊಡುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ನಿಮಗೆ ಬೇಕಾಗಿರುವುದು ಮಂಚವಾದರೆ ಮಂಚದ ಕಡೆ ಕಣ್ಣೆತ್ತಿಯೂ ನೋಡಬೇಡಿ. ಫ್ರಿಜ್ಜಿಗಾಗಿ ಜಗಳ ಆಡಿ, ಅದರ ಬಾಗಿಲು ತೆಗೆದು ಹಾಕಿ ಮಾಡಿ, ಅದಿಲ್ಲದಿದ್ದರೆ ಬದುಕೇ ಇಲ್ಲ ಎನ್ನುವಂತೆ ಮುಖ ಮಾಡಿ. ಕೊನೆಗೆ ಸೋತವರಂತೆ ನಿಟ್ಟುಸಿರು ಬಿಟ್ಟು, "ಹೋಗ್ಲಿ, ಆ ಮಂಚನಾದ್ರೂ ಕೊಡ್ರಿ" ಎನ್ನಿ. ಪಾಪ ಅನ್ನಿಸಿ ಕೊಟ್ಟುಬಿಡುತ್ತಾರೆ.

ಇನ್ನೊಂದು ವಿದ್ಯೆ ಇತ್ತು. ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಮರದ ಸಾಮಾನನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು ಎಲ್ಲರ ಪದ್ಧತಿ. ಕೊಳ್ಳುವಾಗ ನಾನು ಬಲಗೈಯಿಂದ ತಟ್ಟುತ್ತಾ ಎಡ ಅಂಗೈಯನ್ನು ಅದೇ ಹಲಗೆಯ ಮೇಲೆ, ಸುಮ್ಮನೆ ಆತುಕೊಂಡವನ ಹಾಗೆ, ಒತ್ತಿ ಇಟ್ಟಿರುತ್ತೇನೆ. ಸದ್ದು ಒಳಗೇ ಸತ್ತು 'ದೊಬ್' ಎನ್ನುತ್ತದೆ. "ಒಳಗ ಹುಳ ಬಿದ್ದಂಗೈತ್ರಿ" ಎಂದು ತಲೆ ಆಡಿಸುತ್ತೇನೆ. ಅದೇ ಮಂಚ ಮಾರುವಾಗ ಎಡಗೈ ಜೇಬಿನಲ್ಲಿ. ತಟ್ಟಿದರೆ 'ಠಣ್' ಎನ್ನುತ್ತದೆ. "ಕೇಳ್ರಿ, ಕೇಳ್ರಿ, ಗುಡಿ ಗಂಟಿ" ಎನ್ನುತ್ತೇನೆ. ಇದರಲ್ಲಿ ಮೋಸ ಏನಿದೆ ಹೇಳಿ? ಎರಡೂ ಸದ್ದು ಆ ಮಂಚದ್ದೇ.

ಮಗಳು ಸುಜಾತಾ, ನಮ್ಮ ಸುಜಿ, ವಿಜಯವಾಡದಲ್ಲಿ ಪಟಮಟದ ಒಂದು ಹಾಸ್ಟೆಲಿನಲ್ಲಿದ್ದುಕೊಂಡು ಡಿಗ್ರಿಯ ಜೊತೆ ವಿಡಿಯೋ ಮಾಡುವುದು, ಫೋಟೋ ತಿದ್ದುವುದು ಕಲಿಯುತ್ತಿದ್ದಳು. ನಾನು ಖುಷಿಯಿಂದಲೇ ಸೇರಿಸಿದ್ದೆ. ಮದುವೆಗಳು ನಿಲ್ಲುವುದಿಲ್ಲ, ಮದುವೆಯ ವಿಡಿಯೋ ಅಂಗಡಿಯೂ ಮುಚ್ಚುವುದಿಲ್ಲ ಎಂದು ನನ್ನ ಅಂದಾಜು. ಅವಳು ರಜೆಗೆ ಬಂದು ಅಂಗಡಿಯಲ್ಲಿ ಕೂತಿದ್ದಾಗ ಶಾಲಿನಿ ಮೇಡಂ ಬಂದಿದ್ದರು. ಮೈಸೂರಿನವರು, ಯಜಮಾನರು ನೌಕಾಪಡೆಯಲ್ಲಿ ಅಧಿಕಾರಿ. ಅವರಿಗೆ ಮಂಚ ಬೇಕಿತ್ತು, ನನ್ನ ಹತ್ತಿರ ಆಗ ಇರಲಿಲ್ಲ. ಕನ್ನಡದ ಹುಡುಗಿ ಸಿಕ್ಕಳಲ್ಲ ಎಂದು ಸುಜಿಯ ಜೊತೆ ಮಾತಿಗೆ ಕೂತವರು, ಅವಳು ಕಾಲೇಜಿಗೆ ಮೂರು ನಿಮಿಷದ ಸಿನಿಮಾ ಮಾಡಬೇಕಂತೆ, ಕ್ಯಾಮೆರಾ ಇಲ್ಲವಂತೆ ಎಂದು ತಿಳಿದು, ಮನೆಯಲ್ಲಿ ಬೀರುವಿನಲ್ಲಿದ್ದ ಸಣ್ಣ ಕ್ಯಾಸೆಟ್ಟಿನ ಕ್ಯಾಮೆರಾವನ್ನೇ ತಂದುಕೊಟ್ಟರು. ಶಾಲಿನಿ ಮೇಡಂ ಅಂಥ ಧಾರಾಳಿ. ಅಷ್ಟೇ ಅಲ್ಲ, ನೌಕಾಪಡೆಯ ಹೆಂಗಸರ ನಡುವೆ ಅವರ ಮಾತೆಂದರೆ ಮಾತು. ಅವರು "ಗಾಜುವಾಕದ ಬಸವರಾಜ್ ಹತ್ರ ಹೋಗಿ" ಎಂದರೆ ನನಗೆ ಹತ್ತು ಮನೆ ಬಾಗಿಲು ತೆರೆದ ಹಾಗೆ. "ಹೋಗ್ಬೇಡಿ" ಎಂದರೆ ಅಷ್ಟೂ ಮುಚ್ಚಿದ ಹಾಗೆ.

ಅದೇ ವಾರ ಕೊಚ್ಚಿಗೆ ಹೊರಟ ಒಂದು ಮನೆಯಲ್ಲಿ ಒಳ್ಳೆಯ ಸಾಗುವಾನಿ ಮಂಚ ಸಿಕ್ಕಿತು. ಸುಜಿ ಕ್ಯಾಮೆರಾ ಹಿಡಿದು ಬೆನ್ನಿಗೆ ಬಂದಳು. ಎರಡು ದಿನ ಬಿಟ್ಟು ಆ ಮಂಚವನ್ನೇ ಶಾಲಿನಿ ಮೇಡಂಗೆ ಮಾರಿದೆ. ಅಲ್ಲಿಗೂ ಬಂದಳು. "ಏನ್ ತಗ್ಯಾಕತ್ತೀಯವ್ವಾ?" ಎಂದರೆ "ಮಂಚದ ಕತಿ ಅಪ್ಪಾ, ನೀ ನಿನ್ ಪಾಡಿಗೆ ಮಾತಾಡು" ಎಂದಳು. ಮಂಚದ ಕತೆಯಲ್ಲವೇ, ನನಗೇನು ಎಂದು ನಾನು ನನ್ನ ಪಾಡಿಗೆ ಮಾತಾಡಿದೆ. ಆ ಕ್ಯಾಮೆರಾದ ಮುಂದೆ ಒಂದು ಕೆಂಪು ದೀಪ ಉರಿಯುತ್ತದೆ. ಎರಡು ಮನೆಯಲ್ಲೂ ಉರಿದಿತ್ತು. ಅದು ಅಪಾಯದ ದೀಪ ಎಂದು ಎಲ್ಲರೂ ಚಿಕ್ಕಂದಿನಿಂದ ಕಲಿತಿರುತ್ತೇವೆ. ನಾನು ಮರೆತೆ.

ಆಮೇಲೆ ಮನೆಯಲ್ಲಿ ಅವಳ ತಪಸ್ಸು ಶುರುವಾಯಿತು. ಹಜಾರದ ನೆಲದ ತುಂಬ ಚೀಟಿಗಳು. ಒಂದೊಂದು ಚೀಟಿಯಲ್ಲೂ ಒಂದೊಂದು ಚಿತ್ರ ಗೀಚಿ, ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಸರಿಸುತ್ತಾ ಕೂರುತ್ತಿದ್ದಳು. ಫ್ಯಾನು ಹಾಕುವ ಹಾಗಿಲ್ಲ, ಕತೆ ಹಾರಿಹೋಗುತ್ತದೆ. ಕಂಪ್ಯೂಟರಿನಲ್ಲಿ ಒಂದೇ ತುಣುಕನ್ನು ಹಿಂದೆ ಮುಂದೆ ಓಡಿಸುವುದನ್ನು ಕಂಡು ನನ್ನ ಹೆಂಡತಿ, ನಮ್ಮಾಕಿ, "ಯಾಕ್ರೀ, ಅದಕ್ಕ ಬಿಕ್ಕಳಿಕಿ ಬಂದೈತೇನು?" ಎಂದು ಕೇಳಿದಳು. ತಟ್ಟುವ ಸದ್ದು ಸರಿಯಾಗಿ ಬಂದಿಲ್ಲವೆಂದು ಬಾಗಿಲು, ಅಕ್ಕಿ ಡಬ್ಬಿ, ಕೊನೆಗೆ ದೇವರ ಮಂಟಪವನ್ನೂ ತಟ್ಟಿ ತಟ್ಟಿ ರೆಕಾರ್ಡು ಮಾಡಿದಳು. ಅಷ್ಟು ಕಷ್ಟಪಟ್ಟು ತೆಗೆದಿದ್ದರಲ್ಲಿ ಮುಕ್ಕಾಲು ಪಾಲನ್ನು ಕತ್ತರಿಸಿ ಎಸೆದದ್ದನ್ನು ಕಂಡು ನನ್ನ ಹೊಟ್ಟೆ ಉರಿಯಿತು. ನಾನು ಮುರಿದ ಸ್ಕ್ರೂ ಕೂಡ ಎಸೆಯುವವನಲ್ಲ. "ಇಷ್ಟೆಲ್ಲಾ ಕಸಾನ?" ಎಂದೆ. "ಉಂಡು ನಾನ್ನಾ" ಎಂದಳು. ಮೈಮರೆತಾಗ ಅವಳಿಗೆ ತೆಲುಗೇ ಬರುವುದು. "ಸ್ವಲ್ಪ ತಡಿ. ಎಸೆದ್ರನ ಸಿನಿಮಾ ಆಗೂದು."

ಅವಳು ವಿಜಯವಾಡಕ್ಕೆ ಹೊರಡುವ ದಿನ ನಾನು ಅದನ್ನು ನೋಡಿದೆ. ಸಿನಿಮಾಕ್ಕೆಂದು ಪೋಸ್ಟರು ಮಾಡಿ ಕಂಪ್ಯೂಟರಿನಲ್ಲಿ ತೆರೆದಿಟ್ಟಿದ್ದಳು. ಪರದೆಯ ತುಂಬ ನನ್ನ ಮುಖ. ಎಡ ಅರ್ಧ ಕೊಚ್ಚಿಯವರ ಮನೆಯದು, ಬಲ ಅರ್ಧ ಶಾಲಿನಿ ಮೇಡಂ ಮನೆಯದು. ಮೂಗಿನ ಮೇಲೆ ಹೊಲಿಗೆಯೇ ಕಾಣದ ಹಾಗೆ ಜೋಡಿಸಿದ್ದಳು. ಹಿಂದಿನ ಕ್ಯಾಲೆಂಡರನ್ನೂ ಗೋಡೆಯ ಬಿರುಕನ್ನೂ ಅಳಿಸಿ, ಬಣ್ಣ ಇಳಿಸಿ, ನೆರಳು ಏರಿಸಿ, ಏನು ಕೈಚಳಕ! ಒಂದು ಕಣ್ಣು ಸಾವಿನ ಮನೆಗೆ ಬಂದಿತ್ತು, ಇನ್ನೊಂದು ಕಣ್ಣು ಮದುವೆ ಮನೆಗೆ. ಪಕ್ಕದ ಕುರ್ಚಿ ಎಳೆದುಕೊಂಡು ಕೂತು ಕೇಳಿದೆ:

"ಇದನ್ನ ಯಾರ್ ನೋಡ್ತಾರ?"

"ಕಾಲೇಜಿನವ್ರೆಲ್ಲಾ. ಹೊರಗಿನವ್ರೂ ಬರ್ತಾರ. ಶಾಲಿನಿ ಆಂಟಿನೂ ಬರ್ತಾರ. ಅವ್ರ ತಂಗಿ ಮನಿ ಪಟಮಟದಾಗ ಐತಲ್ಲ, ಆವಾಗ ಅಲ್ಲೇ ಇರ್ತಾರಂತ. ಕ್ಯಾಮೆರಾ ಅವ್ರದಲ್ಲಾ ಅಪ್ಪಾ, ಕರೀದ ಹೆಂಗಿರ್ಲಿ?"

ಅವಳು ರೈಲು ಹತ್ತಿ ಹೋದಳು. ನನ್ನ ಬದುಕು ಕೆಟ್ಟಿತು. ಮಾಲು ನೋಡಲು ಯಾರ ಮನೆಗೆ ಹೋದರೂ ಮೊದಲು ಮೂಲೆ ಮೂಲೆ ನೋಡುತ್ತಿದ್ದೆ. ಟಿವಿಯ ಕೆಳಗಿನ ಕೆಂಪು ಚುಕ್ಕೆ ಕಂಡರೂ ಮೈ ಬೆವರುತ್ತಿತ್ತು. ಒಂದು ಸಿ.ಡಿ. ನಕಲು ಮಾಡುವುದಕ್ಕೆ ಎಷ್ಟು ಹೊತ್ತು ಬೇಕು? ನೌಕಾಪಡೆಯ ಕ್ವಾರ್ಟರ್ಸಿನ ಒಂದು ಮನೆಗೆ ಬಂದರೆ ಸಾಕು, ಸಂಜೆಯೊಳಗೆ ಸಾಲಿಗೆಲ್ಲ ಹಬ್ಬುತ್ತದೆ. ಬಾಗಿಲು ತೆರೆದ ಮೇಡಂಗಳೆಲ್ಲ ನನ್ನನ್ನು ನೋಡಿ ನಗುವ ಹಾಗೆ, ಅಂಗಡಿಯ ಮಂಚಗಳೆಲ್ಲ ತಾವಾಗಿಯೇ 'ದೊಬ್, ಠಣ್' ಎನ್ನುವ ಹಾಗೆ ಕನಸು. ನಮ್ಮಾಕಿ ಇಂಥದಕ್ಕೆಲ್ಲ ಸಮಾಧಾನ ಹೇಳುವವಳಲ್ಲ. "ಹೆದರೂದಿದ್ರ ಅವತ್ತ ಹೆದರಬೇಕಿತ್ತು. ಈಗ ಹೋಗಿ ಮಗಳ ಕೂಡ ಚೌಕಾಸಿ ಮಾಡ್ರಿ. ಅದೊಂದ್ ನಿಮಗ ಬರ್ತದಲ್ಲ" ಎಂದಳು.

ಸಿನಿಮಾ ತೋರಿಸುವ ದಿನ ಬೆಳಗ್ಗೆಯೇ ಮುಟ್ಟುವ ಹಾಗೆ ಹೊರಟೆ. ರಾಜಮಂಡ್ರಿಯಲ್ಲಿ ಗೋದಾವರಿ ಸೇತುವೆ ಬಂದಾಗ ಎಲ್ಲರೂ ಕೈಮುಗಿದು ನಾಣ್ಯ ಎಸೆದರು. ನಾನೂ ಜೇಬಿಗೆ ಕೈ ಹಾಕಿ, ಸಿಕ್ಕ ದೊಡ್ಡ ನಾಣ್ಯವನ್ನು ಒಳಗೆ ಬಿಟ್ಟು ಸಣ್ಣದನ್ನು ಹುಡುಕಿ ಎಸೆದೆ. ಆಮೇಲೆ ಭಯವಾಯಿತು. ಮೊದಲೇ ಕಷ್ಟದಲ್ಲಿದ್ದವನು ನದಿಯ ಜೊತೆ ಚೌಕಾಸಿ ಮಾಡಬಾರದಿತ್ತು.

ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಸುಜಿ ಒಬ್ಬಳೇ ಇದ್ದಳು. ಕಣ್ಣು ಕೆಂಪಗೆ, ಕೂದಲಿಗೆ ಎಣ್ಣೆಯಿಲ್ಲ. ನಾನು ಪೀಠಿಕೆ ಹಾಕದೆ ಹೇಳಿದೆ: "ಸುಜೀ, ನಿಮ್ಮಪ್ಪನ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ. ನನ್ ಮುಖ ತಗದುಬಿಡು."

"ಮುಖಾನ?" ಎಂದು ಚೀರಿದಳು. "ಅಪ್ಪಾ, ಮುಖಾನ ಸಿನಿಮಾದ ಜೀವ! ಪೋಸ್ಟರ್ ಮಾಡಾಕ ಎಷ್ಟ್ ದಿನಾ ಕುಂತೀನಿ ಗೊತ್ತೇನು? ಕೊಡಂಗಿಲ್ಲ."

"ಅರ್ಧ ಮುಖ ಇಟ್ಕೋ. ಮಾರೂ ಮುಖ ಇರ್ಲಿ."

"ಅರ್ಧ ಮುಖ ತಗೊಂಡ್ ನಾ ಏನ್ ಮಾಡ್ಲಿ? ಯಾರರ ಅರ್ಧ ಮಂಚ ಕೊಳ್ತಾರೇನು?"

ನಾನು ನನ್ನ ಹಳೆಯ ಅಸ್ತ್ರ ತೆಗೆದೆ. ಚೀಲ ಹೆಗಲಿಗೆ ಹಾಕಿಕೊಂಡು "ಆತು ಬಿಡವ್ವಾ, ನಾ ಬರ್ತೀನಿ" ಎಂದು ಬಾಗಿಲು ದಾಟಿದೆ. ಹತ್ತು ಹೆಜ್ಜೆಯೊಳಗೆ ಕರೆಯದ ಗಿರಾಕಿಯನ್ನು ನಾನು ಕಂಡಿಲ್ಲ. ಇವಳು ಕರೆಯಲಿಲ್ಲ. ಮೊಗಸಾಲೆಯಲ್ಲಿ ವಿಜಯವಾಡದ ಬಿಸಿಲಿಗೆ ಬೇಯುತ್ತಾ ನಿಂತು, ನಾನೇ ವಾಪಸು ಬಂದೆ.

ಆಗ ಅವಳ ಕಣ್ಣಲ್ಲಿ ನೀರು ಬಂತು. "ಹೋಗ್ಲಿ ಬಿಡಪ್ಪಾ. ನಿನಗಿಂತ ದೊಡ್ಡದೇನು? ಮುಖ ತಗೀತೀನಿ. ಮಾತೂ ತಗೀತೀನಿ. ಪೋಸ್ಟರೂ ಹಾಕಂಗಿಲ್ಲ" ಎಂದು ನಿಟ್ಟುಸಿರು ಬಿಟ್ಟು, "ಕೈಯಾದ್ರೂ ಇರ್ಲೇನು? ತಟ್ಟೂದು ಬೇಕಲ್ಲ, ಇಲ್ಲಂದ್ರ ಕತಿನ ಇಲ್ಲ" ಎಂದಳು.

ನನಗೆ ಪಾಪ ಅನ್ನಿಸಿತು. ಕೈ ಯಾರದಾದರೇನು? ಊರಲ್ಲಿ ಎಷ್ಟು ಕೈಗಳಿಲ್ಲ? "ಇಟ್ಕೋ ತಾಯಿ" ಎಂದು ಧಾರಾಳವಾಗಿ ಹೇಳಿದೆ. ಹೊರಗೆ ಬಂದು ತಣ್ಣನೆಯ ಮಜ್ಜಿಗೆ ಕುಡಿದೆ. ಇಷ್ಟು ಸಲೀಸಾದ ಗೆಲುವು ನನಗೆ ಎಂದೂ ಸಿಕ್ಕಿರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು.

ಸಂಜೆ ಸಭಾಂಗಣ ತುಂಬಿತ್ತು. ನನ್ನ ಗ್ರಹಚಾರ ನೋಡಿ, ಶಾಲಿನಿ ಮೇಡಂ ಸರಿಯಾಗಿ ನನ್ನ ಮುಂದಿನ ಕುರ್ಚಿಯಲ್ಲಿ ಬಂದು ಕೂತರು. ಹಿಂದೆ ತಿರುಗಿ, "ಏನ್ ಬಸವರಾಜ್ ಅವರೇ, ಮಗಳ ಸಿನಿಮಾ ಅಂತ ಅಂಗಡಿ ಮುಚ್ಕೊಂಡು ಬಂದ್ಬಿಟ್ರಾ? ನಮ್ಮ ಕ್ಯಾಮೆರಾ ಪುಣ್ಯ ಮಾಡಿತ್ತು ಬಿಡಿ" ಎಂದು ನಕ್ಕರು. ನಾನು ಮುಖವಿಲ್ಲದ ಧೈರ್ಯದಲ್ಲಿ ಅವರ ಕುರ್ಚಿಯ ಬೆನ್ನ ಮೇಲೆ ಕೈ ಇಟ್ಟು, "ಎಲ್ಲಾ ನಿಮ್ಮ ಆಶೀರ್ವಾದ ಮೇಡಂ" ಎಂದೆ.

ದೀಪ ಆರಿತು. ಪರದೆಯ ಮೇಲೆ ಸಾಗುವಾನಿಯ ಹಲಗೆ, ಅದರ ಗೆರೆಗಳು ನದಿಯ ಹಾಗೆ. ಹಿಂದಿನ ಮಕ್ಕಳು ಅಂಟಿಸಿದ್ದ ಗುಲಾಬಿ ಸ್ಟಿಕ್ಕರು, ಯಾರೋ ಎತ್ತರ ಅಳೆದು ಎಳೆದ ಪೆನ್ಸಿಲ್ ಗೆರೆಗಳು. ನಿಜಕ್ಕೂ ಚೆಂದ ತೆಗೆದಿದ್ದಳು. ನಾನು ಎರಡು ದಿನ ಅಂಗಡಿಯಲ್ಲಿಟ್ಟುಕೊಂಡೂ ಆ ಗೆರೆಗಳನ್ನು ನೋಡಿರಲಿಲ್ಲ. ಆಮೇಲೆ ಒಂದು ಬಲಗೈ ಬಂದು ತಟ್ಟಿತು. 'ದೊಬ್.' ಮತ್ತೊಮ್ಮೆ ಅದೇ ಕೈ, ಈಗ ನಿಧಾನವಾಗಿ, ನೀರಿನೊಳಗೆ ಚಲಿಸುವ ಹಾಗೆ. ಕ್ಯಾಮೆರಾ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಅಲ್ಲಿ ಕೆಂಪು ಹವಳದ ಉಂಗುರ ತೊಟ್ಟ ಒಂದು ಎಡಗೈ, ಹಲಗೆಯನ್ನು ಮಗುವಿನ ಬಾಯಿ ಮುಚ್ಚುವ ಹಾಗೆ ಒತ್ತಿ ಹಿಡಿದಿತ್ತು. ಚಿತ್ರ ಬದಲಾಯಿತು. ಅದೇ ಮಂಚ, ಅದೇ ಸ್ಟಿಕ್ಕರು, ಬೇರೆ ಕೋಣೆ. ಬಲಗೈ ಮೇಲೆದ್ದಿತು. ಎಡಗೈ ಕಳ್ಳನಂತೆ ಹಲಗೆಯಿಂದ ಜಾರಿ ಜೇಬಿಗೆ ಹೋಯಿತು. 'ಠಣ್!'

ಆಮೇಲೆ ಹಿಂದಿನಿಂದ ಒಬ್ಬ ಹುಡುಗ "ಆ ಎಡಮ ಚೆಯ್ಯಿ ಚೂಡರಾ!" ಎಂದು ಕೂಗಿದ. ಆ ಎಡಗೈ ನೋಡ್ರೋ ಎಂದು. ಸಭಾಂಗಣಕ್ಕೆ ಸಭಾಂಗಣವೇ ಬಿದ್ದು ಬಿದ್ದು ನಕ್ಕಿತು. ಮುಖ ಇದ್ದಿದ್ದರೆ ಜನ ಮುಖ ನೋಡುತ್ತಿದ್ದರು, ಕೈ ಯಾರಿಗೂ ಕಾಣುತ್ತಿರಲಿಲ್ಲ. ಮುಖ ತೆಗೆಸಿದವನು ನಾನೇ. ಸುಜಿಗೆ ಬೇಕಿದ್ದದ್ದು ಮಂಚ, ಅತ್ತದ್ದು ಫ್ರಿಜ್ಜಿಗೆ! ಈ ಪಾಠವನ್ನು ಊಟಕ್ಕೆ ಕೂತಾಗಲೆಲ್ಲ ನಮ್ಮ ಮನೆಯಲ್ಲಿ ಹೇಳಿಕೊಟ್ಟವನು ಯಾರು?

ಚಪ್ಪಾಳೆಯ ನಡುವೆ ಶಾಲಿನಿ ಮೇಡಂ ಮೆಲ್ಲಗೆ ತಲೆ ತಿರುಗಿಸಿದರು. ನನ್ನ ಮುಖ ನೋಡಲಿಲ್ಲ. ತಮ್ಮ ಕುರ್ಚಿಯ ಬೆನ್ನ ಮೇಲೆ, ಕೆಂಪು ಹವಳದ ಉಂಗುರ ತೊಟ್ಟು, ತಣ್ಣಗೆ ಮಲಗಿದ್ದ ನನ್ನ ಎಡಗೈಯನ್ನು ನೋಡಿದರು. ಅದನ್ನು ಎಳೆದುಕೊಳ್ಳೋಣವೆಂದರೆ ಅದು ಬರಲೊಲ್ಲದು. ಮತ್ತೆ ಮುಂದಕ್ಕೆ ತಿರುಗಿ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಇದೆಯಲ್ಲ, ಅದರ ಮುಂದೆ ಬೈಗುಳ ಹೂವಿನ ಹಾಗೆ.

ಸುಜಿಗೆ ಮೊದಲ ಬಹುಮಾನ ಬಂತು. ತೀರ್ಪುಗಾರರೊಬ್ಬರು, ಮುಖವೇ ಇಲ್ಲದೆ ಇಷ್ಟು ಅಭಿನಯ ಮಾಡಿದ ಆ ಕಲಾವಿದ ಯಾರು ಎಂದು ಮೈಕಿನಲ್ಲಿ ಕೇಳಿದರು. ಇಷ್ಟು ದಿನ ಗುರುತು ಸಿಕ್ಕೀತೆಂದು ನಡುಗಿದ್ದ ನಾನು, ನಾಚಿಕೆ ಬಿಟ್ಟು ಹೇಳುತ್ತೇನೆ, ಕುರ್ಚಿಯಿಂದ ಅರ್ಧ ಎದ್ದಿದ್ದೆ. ಸುಜಿ ವೇದಿಕೆಯಿಂದ ನನ್ನ ಕಡೆಗೇ ನೋಡುತ್ತಾ, "ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದೀನಿ ಸರ್" ಎಂದು ತೆಲುಗಿನಲ್ಲಿ ಹೇಳಿದಳು. ಕೂತೆ.

ನಾನು ಕಾದ ವಿಪತ್ತು ಕ್ವಾರ್ಟರ್ಸಿಗೆ ಬರಲಿಲ್ಲ. ಮೇಡಂ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಕೊನೆಗೊಂದು ದಿನ ಫೋನು ಬಂತು. "ನಮಗೆ ಬದಲಿ ಆಯ್ತು, ಮಂಚ ಕೊಡ್ಬೇಕು, ಬನ್ನಿ." ನಾನು ಉಂಗುರ ಬಿಚ್ಚಿ ಬೀರುವಿನಲ್ಲಿಟ್ಟು ಹೋದೆ. ಬೆರಳ ಮೇಲೆ ಉಂಗುರದ ಬಿಳಿ ಪಟ್ಟಿ ಅದಕ್ಕಿಂತ ಚೆನ್ನಾಗಿ ಹೊಳೆಯುತ್ತಿತ್ತು ಎಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಮೇಡಂ ಚಹಾ ಕೊಟ್ಟರು, ಸುಜಿಯ ಯೋಗಕ್ಷೇಮ ಕೇಳಿದರು. ಮಂಚದ ಹಾಸಿಗೆ ತೆಗೆಸಿಟ್ಟಿದ್ದರು. ಪೆನ್ಸಿಲ್ ಗೆರೆಗಳ ಸಾಲಿಗೆ ಅವರ ಮಗನದೂ ಒಂದು ಸೇರಿತ್ತು. ನಾನು ಅಭ್ಯಾಸಬಲದಿಂದ ಹಲಗೆಯ ಕಡೆಗೆ ಬಾಗಿದೆ.

"ಬಸವರಾಜ್ ಅವರೇ," ಎಂದರು ಮೇಡಂ, ಬಹಳ ಮರ್ಯಾದೆಯಿಂದ. "ಎಡಗೈ ಹಿಂದೆ ಕಟ್ಕೊಳ್ಳಿ. ಆಮೇಲೆ ತಟ್ಟಿ."

ಶಾಲೆಯಲ್ಲಿ ಮೇಷ್ಟ್ರ ಮುಂದೆ ನಿಂತ ಹಾಗೆ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ತಟ್ಟಿದೆ. ಹಾಳು ಮಂಚ, ಊರಿಗೆಲ್ಲ ಕೇಳುವ ಹಾಗೆ 'ಠಣ್' ಎಂದಿತು. ಬೆಲೆಯನ್ನು ಅವರೇ ಹೇಳಿದರು. ನಾನು ಹೂಂ ಎಂದೆ. ಒಂದೇ ಕೈಯಲ್ಲಿ ಚೌಕಾಸಿ ಮಾಡುವುದು ನನಗೆ ಯಾರೂ ಕಲಿಸಿಕೊಟ್ಟಿಲ್ಲ.