ನಾಲ್ಕು ಮಗ್ಗಲಿನ ಹುಡುಗಿ

ಅಕ್ಕೋಳದಲ್ಲಿ ಯಾರದಾದರೂ ಮಾಳಿಗೆಯ ಮೇಲೆ ಲೌಡ್‌ಸ್ಪೀಕರಿನ ಭೋಂಗಾ ಏರಿತೆಂದರೆ ಆ ಮನೆಯಲ್ಲಿ ಕಾರ್ಯವಿದೆ ಎಂದೇ ಅರ್ಥ. ಬೇರೆ ಆಮಂತ್ರಣ ಬೇಕಿಲ್ಲ, ಭೋಂಗಾ ಕೂಗಿದ್ದೇ ಕರೆ. ಇದು ಗೊತ್ತಿದ್ದೂ ರೈತರ ಸೊಸೈಟಿಯ ಕಾರಕೂನ ದುಂಡೇಶ ಆ ಭಾನುವಾರ ಸೌಂಡ್ ಸರ್ವಿಸಿನ ಹುಡುಗ ಸಮಾಧಾನನನ್ನು ಒಬ್ಬನನ್ನೇ ಬಿಟ್ಟು ಸ್ನಾನಕ್ಕೆ ಹೋದ. ತಲೆ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಸಮಾಧಾನ ಮಾಳಿಗೆಯಿಂದ ಇಳಿಯುತ್ತಿದ್ದ.

"ಲೇ, ನಾ ಕೇಳಿದ್ದು ಬರೇ ರೆಕಾರ್ಡ್ ಪ್ಲೇಯರ್! ಭೋಂಗಾ ಯಾಕ ಕಟ್ಟಿದಿ?"

"ನಮ್ಮ ಆಂಪ್ಲಿಗೆ ಭೋಂಗಾ ಬಿಟ್ರ ಬ್ಯಾರೇ ಏನೂ ಹತ್ತಂಗಿಲ್ರಿ ಅಣ್ಣಾ. ಅಪ್ಪನ ಕಾಲದ ಸೆಟ್ ಐತಿ," ಎಂದ ಸಮಾಧಾನ.

ಬೇರೆ ಸೆಟ್ ಹುಡುಕಲು ವೇಳೆಯಿರಲಿಲ್ಲ. ಗೊಬ್ಬರದ ಸ್ಟಾಕು ಬಿಟ್ಟು ಬೇರೇನಾದರೂ ಬರೆಯಬೇಕು, ಹೆಸರಿನ ಕೆಳಗೆ 'ಅಂಕಣಕಾರ' ಎಂದು ಬರಬೇಕು ಎನ್ನುವುದು ದುಂಡೇಶನ ಬಹಳ ದಿನಗಳ ಹಂಬಲ. ಕಡೆಗೂ ಬೆಳಗಾವಿಯ ವೆಬ್ ಪತ್ರಿಕೆಯೊಂದರ ಸಂಪಾದಕಿ ಕೋಮಲ ಮೇಡಂ ಒಂದು ಪರೀಕ್ಷೆ ಒಡ್ಡಿದ್ದರು. ಹಳೆಯ ಇಂಗ್ಲಿಷ್ ರಾಕ್ ತಂಡವೊಂದರ ಜೋಡಿ ಆಲ್ಬಮ್ಮನ್ನು, ಎಂದರೆ ಎರಡು ತಟ್ಟೆ, ನಾಲ್ಕು ಮಗ್ಗಲು, ಕೊರಿಯರಿನಲ್ಲಿ ಕಳಿಸಿ, "ಒಂದೊಂದ ಹಾಡಿನ ಬಗ್ಗೆ ಬರದು ರವಿವಾರ ಸಂಜೀಕ ಕಳಸ್ರಿ. ನೆಟ್‌ನ್ಯಾಗ ಏನೂ ಹುಡಕಬ್ಯಾಡ್ರಿ, ನಿಮ್ಮ ಕಿವಿ ಹೇಳಿದ್ದಷ್ಟ ಬರೀರಿ. ಚಲೋ ಆತಂದ್ರ ವಾರಾ ವಾರಾ ನಿಮ್ಮದ ಅಂಕಣ," ಎಂದಿದ್ದರು. ತಟ್ಟೆಯ ಹೊದಿಕೆಯ ಮೇಲೋ, ಮಡಚಿದ ಒಂದು ಕೊಡೆಯ ಚಿತ್ರ ಬಿಟ್ಟರೆ ನರಮನುಷ್ಯರ ಸುಳಿವಿರಲಿಲ್ಲ.

ತಟ್ಟೆಯ ಮೇಲೆ ಮುಳ್ಳು ಕೂತಿತು. ಗಿಟಾರು ಗುಡುಗಿತು. ಅದರ ಹಿಂದೆಯೇ ಒಂದು ಚೂಪಾದ ಹೆಣ್ಣುದನಿ ಅವಸರದ ಇಂಗ್ಲಿಷಿನಲ್ಲಿ ಹಾಡುತ್ತ ಊರ ತುಂಬ ಹರಡಿತು. ದುಂಡೇಶನಿಗೆ ಒಂದು ಪದವೂ ತಿಳಿಯಲಿಲ್ಲ. 'ಮೊದಲ ಹಾಡು: ಆರಂಭ ಚೆನ್ನಾಗಿದೆ' ಎಂದು ಬರೆಯುವುದರೊಳಗೆ ಪಕ್ಕದ ಮನೆಯ ಕಾಳವ್ವ ಹಿಟ್ಟಿನ ಕೈಯಲ್ಲೇ ಒಳಗೆ ಬಂದಳು.

"ದುಂಡ್ಯಾ, ಲಗ್ನಾ ಗೊತ್ತ ಮಾಡಿ ಸಾಖರಪುಡಾ ಇಟ್ಕೊಂಡು ನಮಗೊಂದ ಮಾತ ಹೇಳಬಾರ್ದೇನೋ?"

"ಯಾವ ಸಾಖರಪುಡಾ ಕಾಕು? ಹಾಡ ಕೇಳಾಕತ್ತೀನಿ."

"ಭೋಂಗಾ ಕಟ್ಟಿ? ಯಾರ ಮಗಳೋ ಈಕಿ, ಹಾಡಾಕತ್ತಾಕಿ?"

"ಇಂಗ್ಲಂಡಿನಾಕಿ," ಎಂದ ದುಂಡೇಶ, ಸುಮ್ಮನೆ ಹೋದರೆ ಸಾಕೆಂದು. ಕಾಳವ್ವನಿಗೂ ಊರಿಗೂ ಅಷ್ಟು ಸಾಕಾಯಿತು. ಹೆಣ್ಣು ನೋಡುವಾಗ ಹುಡುಗಿಯಿಂದ ಒಂದು ಹಾಡು ಹೇಳಿಸುವುದು ಪದ್ಧತಿ. ಇಂಗ್ಲೆಂಡಿನಿಂದ ಬಂದು ಚಾಪೆಯ ಮೇಲೆ ಕೂತು ಹಾಡುವುದು ಆಗದ ಮಾತು, ಅದಕ್ಕೇ ಹುಡುಗಿ ತಟ್ಟೆಯಲ್ಲಿ ಹಾಡಿ ಕಳಿಸಿದ್ದಾಳೆ! ಮೂವತ್ತು ದಾಟಿದರೂ ಮದುವೆಯಾಗದ ದುಂಡೇಶನ ಬಗ್ಗೆ ಊರಿಗೆ ಮೊದಲೇ ಕಾಳಜಿ ಹೆಚ್ಚು. ಎರಡನೆಯ ಹಾಡು ಮುಗಿಯುವಾಗ ಅಂಗಳ ತುಂಬಿತ್ತು.

ತಲೆಯ ಪಟಕ ಸರಿಮಾಡಿಕೊಳ್ಳುತ್ತ ಮುಂದೆ ಕೂತ ಬಿಗಿಮೋರೆಯ ಹಿರಿಯ ಮುರಗೆಪ್ಪ, "ಹುಡಿಗಿ ಜೋರ ಐತಿ. ಮನಿ ನಡಸ್ತಾಳ," ಎಂದು ತೀರ್ಪು ಕೊಟ್ಟ.

ಮೂರನೆಯದು ನಿಧಾನದ ಹಾಡು. ಬಳೆಗಾರ್ತಿ ಸೋನಾಬಾಯಿ ಸೆರಗು ಕಣ್ಣಿಗೊತ್ತಿಕೊಂಡಳು. "ಅಗ ಬಾಯಿ! ತವರಮನಿ ಬಿಟ್ಟ ಬರೂದು ನೆನಸ್ಕೊಂಡ ಅಳಾಕತ್ತಾಳ ನೋಡ್ರಿ."

ಎರಡನೆಯ ಮಗ್ಗಲಿಗೆ ಬಂದಾಗ ಹಾಡು ನಿಂತು ಬರೀ ಡ್ರಮ್ಮು ಶುರುವಾಯಿತು. ಎಷ್ಟು ಹೊತ್ತಾದರೂ ಅದು ನಿಲ್ಲಲೊಲ್ಲದು.

"ಯಾಕ ಸುಮ್ಮನಾದ್ಲು?" ಎಂದ ಮುರಗೆಪ್ಪ.

"ಅತ್ತಿ ಸಿಟ್ಟಿಗೆದ್ದ ಪಾತ್ರಿ-ಭಾಂಡೆ ಎತ್ತೆತ್ತಿ ಒಗ್ಯಾಕತ್ತಾಳ. ಲಗ್ನಾದ ಮ್ಯಾಲ ಮುಂದ ಏನೇನ ಆಗ್ತೈತಿ ಎಲ್ಲಾ ಈಕಿ ಈಗ ಹಾಡಿ ತೋರ್ಸಾಕತ್ತಾಳ. ಶಾಣ್ಯಾ ಹುಡಿಗಿ," ಎಂದಳು ಕಾಳವ್ವ.

ದುಂಡೇಶ ಚಹಾ ಕಾಸುತ್ತಿದ್ದ, ಚಾಪೆ ಹಾಸುತ್ತಿದ್ದ, ನಡುನಡುವೆ ಓಡಿ ಬಂದು ತಟ್ಟೆ ತಿರುವುತ್ತಿದ್ದ. ಮೊಬೈಲಿನಲ್ಲಿ ಬರೆದದ್ದು 'ಆರಂಭ ಚೆನ್ನಾಗಿದೆ' ಎಂಬಲ್ಲಿಗೇ ನಿಂತಿತ್ತು. ಮೊದಮೊದಲು ಸಿಟ್ಟು ಬಂತು. ಆಮೇಲೆ, ಒಂದು ಕೈಯಲ್ಲಿ ಚಹಾದ ಕಿಟ್ಲಿ ಹಿಡಿದು ಬಾಗಿಲಲ್ಲಿ ನಿಂತಾಗ, ಅವನಿಗೂ ಡ್ರಮ್ಮಿನಲ್ಲಿ ಭಾಂಡೆಯ ಸದ್ದು ಕೇಳಿಸಿತು. ಹೌದಲ್ಲ! ಈಕೆ ಮುಂದೇನು ಮಾಡುತ್ತಾಳೆ? ಗಂಡನ ಮನೆಯಲ್ಲಿ ತಾಳುತ್ತಾಳೋ, ತವರಿಗೆ ನಡೆಯುತ್ತಾಳೋ? ಈಗ ಊರಿಗಿಂತ ಅವನ ಕುತೂಹಲವೇ ಒಂದು ಕೈ ಮೇಲಾಗಿ, ಚಹಾ ಬಿಟ್ಟು ಬರೆಯಲು ಕೂತ.

ಮೂರನೆಯ ಮಗ್ಗಲಲ್ಲಿ ಗಿಟಾರು ಎಳೆದೆಳೆದು ಚೀರಿತು. "ಕೂಸ ಹುಟ್ತು," ಎಂದಳು ಸೋನಾಬಾಯಿ. ದುಂಡೇಶ ಬರೆದುಕೊಂಡ. ನಾಲ್ಕನೆಯ ಮಗ್ಗಲಿಗೆ ಅಂಗಳದ ಹಿಂದಿದ್ದವರೂ ಮುಂದೆ ಸರಿದು ಕೂತರು. ಕಡೆಯ ಹಾಡಿಗೆ ವಾದ್ಯಗಳೆಲ್ಲ ಒಂದೊಂದಾಗಿ ಸರಿದು ಆ ದನಿಯೊಂದೇ ಉಳಿದಾಗ ಮುರಗೆಪ್ಪನಂಥ ಮುರಗೆಪ್ಪನೂ ಮೂಗೊರೆಸಿಕೊಂಡ. ದುಂಡೇಶ ಆ ಹಾಡಿನ ಒಂದು ತುಣುಕನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, 'ಒಬ್ಬ ಹೆಣ್ಣುಮಗಳ ಬಾಳಿನ ನಾಲ್ಕು ಮಗ್ಗಲು' ಎಂಬ ತನ್ನ ಬರಹದ ಜೊತೆಗೆ ಹೊತ್ತು ಮುಳುಗುವ ಮೊದಲೇ ಕಳಿಸಿಬಿಟ್ಟ. ಅಂಕಣ ಕೈಗೆ ಬಂದಂತೆಯೇ ಅನಿಸಿತು.

ಸ್ವಲ್ಪ ಹೊತ್ತಿಗೆ ಕೋಮಲ ಮೇಡಂ ಫೋನು ಬಂತು. ದುಂಡೇಶ ಒಳಕೋಣೆಗೆ ಹೋಗಿ ಕದ ಹಾಕಿಕೊಂಡ.

"ದುಂಡೇಶ ಅವ್ರ, ಓದಾಕ ಭಾಳ ಛಂದ ಐತಿ. ಆದ್ರ ಈ ಹೆಣ್ಣಮಗಳು ಯಾರ್ರಿ?"

"ಹಾಡಿದಾಕಿರಿ, ಮೇಡಂ."

"ಆ ತಂಡದಾಗ ಹೆಣ್ಣ ಇಲ್ಲಲ್ರಿ! ನಾಲ್ಕೂ ಮಂದಿ ಗಂಡಸ್ರು. ನಿಮ್ಮ ಕ್ಲಿಪ್ ಕೇಳಿದ್ನಿ. ದೊಡ್ಡ ತಟ್ಟೀನ ಸಣ್ಣ ತಟ್ಟೀ ಜೋರ ಸ್ಪೀಡಿನ್ಯಾಗ ತಿರಗಿಸೀರಿ. ಗಂಡಸಿನ ದನಿ ಹೆಣ್ಣಿನ ದನಿ ಆಗೇತಿ."

ದುಂಡೇಶ ದನಿ ತಗ್ಗಿಸಿದ. "ಮತ್ತ... ಅಂಕಣಾರಿ?"

"ನೋಡೂಣ್ರಿ. ಸರೀ ಸ್ಪೀಡಿಗೆ ಇನ್ನೊಮ್ಮೆ ಕೇಳಿ ಬರೀರಿ, ಆಮ್ಯಾಲ ವಿಚಾರ ಮಾಡ್ತೀನಿ. ಅವರ ಫೋಟೋ ಕಳಸೇನಿ, ನೋಡ್ರಿ," ಎಂದು ನಗು ತಡೆಯಲಾರದೆ ಆಕೆ ಫೋನಿಟ್ಟರು.

ಇನ್ನೊಂದು ಅವಕಾಶವಂತೂ ಉಳಿಯಿತು ಎಂದುಕೊಂಡು ಹೊರಗೆ ಬಂದು ಫೋಟೋ ತೆರೆದ. ಹೊಟ್ಟೆಯವರೆಗೆ ಗಡ್ಡ ಬಿಟ್ಟ, ಅಂಗಿಯ ಗುಂಡಿ ಹಾಕಿಕೊಳ್ಳದ, ಕೆಂಗಣ್ಣಿನ ನಾಲ್ವರು ಅವನನ್ನೇ ದುರುಗುಟ್ಟಿ ನೋಡುತ್ತಿದ್ದರು.

"ಬೀಗರ ಫೋನೇನೋ?" ಎನ್ನುತ್ತ ಕಾಳವ್ವ ಮೊಬೈಲು ಕಸಿದುಕೊಂಡಳು. ಫೋಟೋ ನೋಡಿ ಅವಳ ಮುಖ ಬಾಡಿತು. "ಇವ್ರು ಹುಡಿಗಿ ಅಣ್ಣಗೋಳೇನೋ? ಒಪ್ಪಂಗಿಲ್ಲ ಅಂದ್ರೇನ?"

ಅಂಗಳದ ತುಂಬ ಅತ್ತ ಕಣ್ಣುಗಳು ಅವನನ್ನೇ ನೋಡುತ್ತಿದ್ದವು. ಇವರೆಲ್ಲ ಒಬ್ಬ ಗಡ್ಡದವನಿಗಾಗಿ ಕಣ್ಣೀರು ಹಾಕಿದ್ದು ಎಂದು ಹೇಳುವ ಧೈರ್ಯ ದುಂಡೇಶನಿಗೆ ಸಾಲಲಿಲ್ಲ. "ಹೌದ ಕಾಕು, ಒಪ್ಪಲಿಲ್ಲ," ಎಂದುಬಿಟ್ಟ. ಇಲ್ಲಿಗೆ ಮುಗಿಯಿತೆಂದು ಉಸಿರು ಬಿಡುವುದರೊಳಗೆ ಕಾಳವ್ವ ಈಗಷ್ಟೇ ಫೋನು ಬಂದಿದ್ದ ನಂಬರನ್ನು ಒತ್ತಿ ಮೊಬೈಲು ಕಿವಿಗಿಟ್ಟುಕೊಂಡಿದ್ದಳು.

"ಹಲೋ, ಹುಡಿಗಿ ಕಡೆಯವ್ರೇನ್ರಿ? ನಾವು ಅಕ್ಕೋಳದಿಂದ, ಹುಡುಗನ ಕಡೆಯವ್ರು. ಮೊದಲ ಆ ನಾಲ್ಕೂ ಗಡ್ಡದವ್ರಿಗೆ ಫೋನ್ ಕೊಡ್ರಿ!"