ಊರ ತುರಿಕೆಗೆ ನಾನೇ ಡೈರೆಕ್ಟರ್

ವಿಶ್ವವಿದ್ಯಾಲಯದವರು ಬಸವಕಲ್ಯಾಣದಲ್ಲಿ ಚರ್ಮ ಸಂಶೋಧನಾ ಸಂಸ್ಥೆ ತೆರೆದು ನನ್ನನ್ನು ಡೈರೆಕ್ಟರ್ ಮಾಡಿದರು. ಅಂದಿನಿಂದ ನೆಟ್ಟಗೆ ಮುಗಿದ ದಿನ ಒಂದೂ ಇಲ್ಲ. ಗಜಕರ್ಣಕ್ಕೆ ನಾವು ಮಾಡಿದ ಹೊಸ ಮುಲಾಮು ಕೆಲಸ ಮಾಡುತ್ತದೆ ಎಂದು ಈ ವರ್ಷ ತೋರಿಸಬೇಕು, ಇಲ್ಲದಿದ್ದರೆ ಸಂಸ್ಥೆಗೆ ಬೀಗ ಎಂದು ಮೇಲಿನವರು ಹೇಳಿಬಿಟ್ಟಿದ್ದರು. ಬೇರೆಯವರಾಗಿದ್ದರೆ ರಾಜೀನಾಮೆ ಬಿಸಾಕಿ ಹೋಗುತ್ತಿದ್ದರು. ನನಗೆ ಸುಡುಗಾಡು ಹಟ.

ಹಂದರದ ಹಿಂದೆ

ಹುಮನಾಬಾದದಲ್ಲಿ ಗೆಳೆಯನ ತಂಗಿಯ ಮದುವೆ. ಅಕ್ಕಿಕಾಳು ಹಾಕಿ, ಉಂಡು ಬರೋಣವೆಂದು ಹೋಗಿದ್ದೆ. ಯಾರೋ ಪುಣ್ಯಾತ್ಮ ನನ್ನನ್ನು ಚರ್ಮದ ಡೈರೆಕ್ಟರ್ ಸಾಹೇಬರು ಎಂದು ಪರಿಚಯ ಮಾಡಿಕೊಟ್ಟ. ಮುಗಿಯಿತು ಕಥೆ. ಒಬ್ಬರು ಅಲ್ಲೇ ಅಂಗಿಯ ತೋಳು ಮಡಚಿದರು. ಇನ್ನೊಬ್ಬರು ಹಂದರದ ಹಿಂದೆ ಕರೆದೊಯ್ದು ಧೋತರ ಎತ್ತಿದರು. ನೋಡನೋಡುತ್ತ ಸಾಲು ಬೆಳೆಯಿತು. ಅಡುಗೆಯವನು ಸೌಟು ಹಿಡಿದೇ ಬಂದು ನಿಂತ. ಅವನ ಕೈ ನೋಡಿದ ಮೇಲೆ ನನ್ನ ಹಸಿವೇ ಹೋಯಿತು. ಅಷ್ಟರಲ್ಲಿ ಬಾಸಿಂಗ ಕಟ್ಟಿಕೊಂಡ ಮದುಮಗನೇ ಎಲ್ಲರನ್ನೂ ಸರಿಸಿಕೊಂಡು ಬಂದ.

"ಮೊದಲ ನಂದು ನೋಡ್ರಿ ಸಾಹೇಬ್ರ, ಮುಹೂರ್ತಕ್ಕ ತಡ ಆಗಾಕತ್ತದ."

ವರಾಂಡದ ಕುರ್ಚಿ

ನನ್ನ ಕೈಕೆಳಗೆ ಇಬ್ಬರು ಪ್ರಾಧ್ಯಾಪಕರು. ಇಬ್ಬರ ನಡುವೆ ಮಾತಿಲ್ಲ. ಒಬ್ಬರಿಗೆ ಕಿಟಕಿ ಇರುವ ಕೋಣೆ ಸಿಕ್ಕಿತೆಂದು ಇನ್ನೊಬ್ಬರು ಸಿಟ್ಟಿನಿಂದ ರಜೆ ಹಾಕಿದರು. ಕೆಲಸ ನಿಂತರೆ ಬೀಗ ಬೀಳುತ್ತದಲ್ಲ, ನನ್ನ ಕೋಣೆಯನ್ನೇ ಅವರಿಗೆ ಕೊಟ್ಟು ವರಾಂಡದಲ್ಲಿ ಮೇಜು ಹಾಕಿಕೊಂಡೆ. ನಾಯಕತ್ವ ಎಂದರೆ ತ್ಯಾಗ ಎಂದು ತರಬೇತಿಯಲ್ಲಿ ಹೇಳಿದ್ದರು. ನಮ್ಮ ಕಡೆಯ ಬಿಸಿಲಿನ ವಿಷಯ ಹೇಳಿರಲಿಲ್ಲ.

ಘಾಟಬೋರಾಳದ ರೈತನೊಬ್ಬ ಬಂದವನು ನನ್ನನ್ನು ಜವಾನ ಅಂದುಕೊಂಡ. ಡೈರೆಕ್ಟರ್ ಒಳಗಿದ್ದಾರೇನು ಎಂದು ಕೇಳಿದ. ಒಳಗಿಲ್ಲ ಎಂದೆ. ಅದೇನೂ ಸುಳ್ಳಲ್ಲ. ಆತ ಮರುಕದಿಂದ ನನ್ನ ಮುಖ ನೋಡಿದ.

"ಮತ್ತ ನೀ ಯಾಕಪ್ಪಾ ಬಿಸಲಾಗ ಸಾಯಾಕತ್ತಿ? ಅವಾ ಇಲ್ಲಂದ ಮ್ಯಾಲ ಒಳಗ ಹೋಗಿ ಕುಂದ್ರು, ಯಾರ ಕೇಳ್ತಾರ?"

ಒಂದೇ ಡಬ್ಬಿ

ಪರೀಕ್ಷೆಯ ಕಟ್ಟಳೆ ಸರಳ. ಅರ್ಧ ಮಂದಿಗೆ ಔಷಧಿಯ ಮುಲಾಮು, ಹೋಲಿಸಿ ನೋಡಲು ಉಳಿದವರಿಗೆ ಬರೀ ಜಿಡ್ಡು. ಟ್ಯೂಬು ನೋಡಲು ಒಂದೇ ಥರ. ಯಾರಿಗೆ ಯಾವುದೆಂದು ಯಾರಿಗೂ ತಿಳಿಯಬಾರದು. ಹುಮನಾಬಾದದ ಒಂದೇ ಮನೆಯ ಸೊಸೆಯಂದಿರಾದ ಇಬ್ಬರು ನೆಗೆಣ್ಣಿಯರಿಗೆ ಒಂದೊಂದು ಕೊಟ್ಟೆವು. ಆಮೇಲೆ ನೋಡಿದರೆ ಇಬ್ಬರಿಗೂ ಅರ್ಧಂಬರ್ಧ ವಾಸಿ. ಇದು ಹೇಗಮ್ಮಾ ಎಂದು ಕಿರಿಯಾಕೆಯನ್ನು ಕೇಳಿದೆ.

"ಅಕ್ಕಂದು ಚಲೋ ಅದ, ನಂದು ಖೊಟ್ಟಿ ಅದ ಅಂತ ಮನ್ಯಾಗ ಜಗಳ ಬ್ಯಾಡಂತ ಅತ್ತಿಯವರು ಎರಡೂ ಒಂದ ಡಬ್ಬ್ಯಾಗ ಹಿಂಡಿ ಕಲಸಿಟ್ಟಾರ್ರಿ. ಓಣ್ಯಾಗ ಎಲ್ಲಾರಿಗೂ ಹಂಗ ಮಾಡಾಕ ಹೇಳ್ಯಾರ."

ಮನೆ ಮನೆ ತಿರುಗಿದೆ. ಎಲ್ಲ ಕಡೆ ಒಂದೇ ಡಬ್ಬಿ, ಎಲ್ಲರಿಗೂ ಸಮಪಾಲು, ಎಲ್ಲರೂ ಇನ್ನೂ ಕೆರೆದುಕೊಳ್ಳುತ್ತಿದ್ದಾರೆ. ಅಂದು ಬಸ್ಸಿನಲ್ಲಿ ಕೂತು ನಿಜವಾಗಿಯೂ ಅತ್ತುಬಿಟ್ಟೆ. ಪಕ್ಕದಾತ ನಾನು ಯಾರದೋ ಮಣ್ಣಿಗೆ ಹೋಗಿ ಬರುತ್ತಿದ್ದೇನೆಂದುಕೊಂಡು ಸಮಾಧಾನ ಹೇಳಿದ.

ಪೂರ್ತಿ ವಾಸಿ

ಕೊನೆಗೆ ವಿಶ್ವವಿದ್ಯಾಲಯದ ಪರಿಶೀಲನಾ ಸಮಿತಿ ಬಂತು. ಪೂರ್ತಿ ವಾಸಿಯಾದ ಒಂದು ಜೀವವನ್ನಾದರೂ ತೋರಿಸಿ ಎಂದರು ಅಧ್ಯಕ್ಷರು. ನಾನು ಕಡತ ತಿರುವುತ್ತಿರುವಾಗ, ನಾವು ಮುಲಾಮು ಕೊಟ್ಟಿದ್ದ ಬೇಮಳಖೇಡದ ಮುದುಕರೊಬ್ಬರು ಗೂಡ್ಸ್ ಆಟೋದಲ್ಲಿ ಎಮ್ಮೆ ಹೇರಿಕೊಂಡು ಬಂದರು. ಮುಲಾಮಿನ ವಾಸನೆ ತಮಗೆ ಆಗಿಬರಲಿಲ್ಲವಂತೆ, ಹಾಳು ಮಾಡುವುದೇಕೆಂದು ಎಮ್ಮೆಯ ಕಜ್ಜಿಗೆ ಹಚ್ಚಿದರಂತೆ. ಎಮ್ಮೆಯ ಮೈ ಮಿರಮಿರ ಮಿಂಚುತ್ತಿತ್ತು. ಮುದುಕರು ಪಕ್ಕದಲ್ಲಿ ನಿಂತು ಕೆರೆದುಕೊಳ್ಳುತ್ತಿದ್ದರು.

ಅಧ್ಯಕ್ಷರು ಎಮ್ಮೆಯ ಬೆನ್ನು ಸವರಿ ಮೊದಲ ಸಲ ನಕ್ಕರು. ಹದಿನೈದು ದಿನಕ್ಕೆ ಆದೇಶ ಬಂತು. ಸಂಸ್ಥೆಗೆ ಬೀಗ ಇಲ್ಲ, ನಾನೇ ಡೈರೆಕ್ಟರ್. ಆದರೆ ಇನ್ನು ಮುಂದೆ ಇಲ್ಲಿ ದನಕರುಗಳ ಚರ್ಮಕ್ಕೆ ಮಾತ್ರ ಔಷಧಿ, ಮನುಷ್ಯರಿಗಿಲ್ಲ. ಓದಿ ತಲೆ ಮೇಲೆ ಕೈ ಹೊತ್ತು ಕೂತೆ.

ಮರುದಿನ ಅಜ್ಜಿಯೊಬ್ಬಳು ಕತ್ತು ಕೆರೆದುಕೊಳ್ಳುತ್ತ ಬಂದಳು. ಇನ್ನು ಮನುಷ್ಯರಿಗೆ ಕೊಡುವಂತಿಲ್ಲ ತಾಯೀ, ದನಗಳಿಗಷ್ಟೇ ಎಂದು ಹೇಳಿದೆ. ಅಜ್ಜಿ ಮೇಜಿನ ಮೇಲೆ ಬಾಗಿ ಮೆಲ್ಲಗೆ ಹೇಳಿದಳು:

"ನಮ್ಮನ್ಯಾಗ ಒಂದು ಎಮ್ಮಿ ಅದರಿ ಸಾಹೇಬ್ರ. ಹೆಸರು ಅದರದು ಬರ್ಕೊಂಡು ಮುಲಾಮು ನನಗ ಕೊಡ್ರಿ. ಅದು ಯಾರ ಮುಂದೂ ಬಾಯಿ ಬಿಡಂಗಿಲ್ಲ."