ಹದಿನೇಳು ಮೆಟ್ಟಿಲ ಮೇಲಿನ ಮನೆ

ಎಲ್ಫೆಜ್ ನಾಕಿನ್ನನ ತೊಂದರೆಗೆಲ್ಲ ಮೂಲ ಅವನ ಹೆಂಡತಿ ಯೂಲಾಲಿಯ ಬಲಗಾಲಿನ ಮಂಡಿ.

ದಕ್ಷಿಣ ಲೂಯಿಸಿಯಾನದಲ್ಲಿ, ನಿಂತಂತೆ ಹರಿಯುವ ಪೆರಿನ್ ಬಯೂ ಎಂಬ ಜೌಗು ಹೊಳೆಯ ದಂಡೆಯ ಮೇಲೆ ಅವರ ಮರದ ಮನೆ. ಹನ್ನೆರಡು ವರ್ಷದಲ್ಲಿ ನಾಲ್ಕು ಸಲ ಆ ಮನೆಯೊಳಗೆ ನೀರು ನುಗ್ಗಿತ್ತು. ಪ್ರತಿ ಸಲವೂ ಚಂಡಮಾರುತ ಹೋದ ಮೇಲೆ ಸರ್ಕಾರದ ಪ್ರವಾಹ ವಿಮೆಯವರು ಬಂದು ಗೋಡೆ ತಟ್ಟಿ, ನೆಲ ತಟ್ಟಿ, ರಿಪೇರಿಗೆ ದುಡ್ಡು ಕೊಟ್ಟು ಹೋಗುತ್ತಿದ್ದರು. ನಾಲ್ಕನೆಯ ಸಲಕ್ಕೆ ಸರ್ಕಾರಕ್ಕೇ ಸಾಕಾಯಿತು. ಈ ಮನೆಯನ್ನು ಮತ್ತೆ ಮತ್ತೆ ಒಣಗಿಸುವುದಕ್ಕಿಂತ ಒಂದೇ ಸಲ ಎತ್ತಿ ಮೇಲಿಟ್ಟುಬಿಡುವುದು ಅಗ್ಗ ಎಂದು ಯಾರೋ ಬುದ್ಧಿವಂತರಿಗೆ ಹೊಳೆಯಿತು. ಅನುದಾನ ಮಂಜೂರಾಯಿತು. ಜಾಕ್‌ಗಳು ಬಂದವು. ಒಂಬತ್ತು ದಿನದಲ್ಲಿ ಇಡೀ ಮನೆ ಹನ್ನೊಂದು ಅಡಿ ಮೇಲೆ, ಸಿಮೆಂಟ್ ಕಂಬಗಳ ಮೇಲೆ, ಸೀರೆ ಎತ್ತಿ ಕಟ್ಟಿ ಹೊಳೆ ದಾಟಲು ಹೊರಟವಳ ಹಾಗೆ ನಿಂತಿತು.

ಎಲ್ಫೆಜ್ ಒಂದು ಕರಾರಿಗೆ ಸಹಿ ಹಾಕಿದ್ದ. ಮನೆಯ ಕೆಳಗೆ ಗಾಡಿ ನಿಲ್ಲಿಸಬಹುದು, ಬಲೆ, ಹಗ್ಗ ಇಡಬಹುದು. ವಾಸ ಮಾತ್ರ ಮಾಡಬಾರದು. ಮಾಡಿದರೆ ಸರ್ಕಾರ ಅನುದಾನವನ್ನು ವಾಪಸ್ ಕೇಳುತ್ತದೆ. ಮೇಲೆ ಅಷ್ಟು ದೊಡ್ಡ ಮನೆ ಇರುವಾಗ ಕೆಳಗೆ ಯಾರು ವಾಸ ಮಾಡುತ್ತಾರೆ ಎಂದು ನಗುತ್ತಲೇ ಸಹಿ ಹಾಕಿದ್ದ.

ಮನೆಗೆ ಹತ್ತಲು ಹದಿನೇಳು ಮೆಟ್ಟಿಲು. ಯೂಲಾಲಿ ಮೊದಲ ವಾರ ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದಳು. ಎರಡನೆಯ ವಾರ ಎರಡು ಸಲ. ಮೂರನೆಯ ವಾರ ಒಂದು ಬೆಳಿಗ್ಗೆ ಕಾಫಿ ಪಾತ್ರೆ ಹಿಡಿದು ಕೆಳಗಿಳಿದವಳು ಕಂಬಕ್ಕೆ ಒರಗಿ ಕುಳಿತು, "ಇಲ್ಲಿ ಗಾಳಿ ಎಷ್ಟು ಚೆನ್ನಾಗಿದೆ" ಎಂದಳು. ಮತ್ತೆ ಮೇಲೆ ಹೋಗಲಿಲ್ಲ.

ಅವಳ ಹಿಂದೆ ಒಲೆ ಇಳಿಯಿತು. ಒಲೆಯ ಹಿಂದೆ ಫ್ರಿಜ್, ಆಮೇಲೆ ಬಟ್ಟೆ ಒಗೆಯುವ ಮೆಷಿನ್, ಸೋಫಾ, ಟಿವಿ. ಎಲ್ಫೆಜ್ ಹದಿನೈದು ದಿನ ಮೇಲೆ ಒಬ್ಬನೇ ಮಲಗಿ ನೋಡಿದ, ಬೇಜಾರಾಗಿ ಮಂಚವನ್ನೂ ಇಳಿಸಿದ. ಸುತ್ತ ಸೊಳ್ಳೆ ಪರದೆ ಕಟ್ಟಿದ್ದಾಯಿತು. ಸ್ನಾನಕ್ಕೆ ತೋಟದ ಪೈಪು, ಉಳಿದಿದ್ದಕ್ಕೆಲ್ಲ ಪಕ್ಕದ ಮನೆಯ ವಿಧವೆ, ಊರ ರೂಢಿಯಂತೆ ಎಲ್ಲರ ಬಾಯಲ್ಲೂ ಮಿಸ್ ಒಡೆಲ್ಲಾ ಆದವಳ ಬಾತ್‌ರೂಮು. ಎಂಟು ತಿಂಗಳು ಹೀಗೆ ಸುಖವಾಗಿ ಕಳೆಯಿತು.

ಒಂದು ಮಂಗಳವಾರ ಬೆಳಿಗ್ಗೆ ಏಳೂವರೆಗೆ ಫೋನ್ ಬಂತು.

"ಮಿಸ್ಟರ್ ನಾಕಿನ್? ನಾನು ಮಿಸ್ ಪ್ರಿಚರ್ಡ್, ಅನುದಾನದ ಕಚೇರಿಯಿಂದ. ನಿಮ್ಮ ಮನೆಯ ಕೊನೇ ತಪಾಸಣೆ ಮುಂದಿನ ವಾರ ಅಂತಿತ್ತು. ಇವತ್ತು ಆ ಕಡೆನೇ ಬರ್ತಿದೀನಿ. ಹನ್ನೊಂದಕ್ಕೆ ಬರ್ಲಾ?"

ಎಲ್ಫೆಜ್ ಮಂಚದ ಮೇಲೆ ಕುಳಿತೇ "ಬನ್ನಿ ಮೇಡಂ, ಅದಕ್ಕೇನಂತೆ" ಎಂದ. ಫೋನ್ ಇಟ್ಟ ಮೇಲೆ ತಾನು ಯಾವ ಮಂಚದ ಮೇಲೆ, ಎಲ್ಲಿ ಕುಳಿತಿದ್ದೇನೆ ಎಂಬುದು ನೆನಪಾಗಿ ಹೆಂಡತಿಯ ಹೊದಿಕೆ ಎಳೆದ.

"ಯೂಲಾಲಿ, ಏಳು. ನಾವು ಮೇಲೆ ಹೋಗ್ಬೇಕು."

"ನನಗೆ ಇನ್ನೂ ಅರವತ್ತೇ ಮಾರಾಯ."

"ಅಷ್ಟು ಮೇಲಲ್ಲ. ಮನೆಗೆ."

ಕಾಲು ಗಂಟೆಯಲ್ಲಿ ಸುದ್ದಿ ಬೀದಿಯೆಲ್ಲ ಮುಟ್ಟಿತು. ಮೊದಲು ಬಂದವನು ಎದುರು ಮನೆಯ ಕ್ಲೋವಿಸ್. ದೊಡ್ಡ ದೋಣಿಗಳನ್ನು ಎಳೆಯುವ ಟಗ್‌ಬೋಟನ್ನು ಮೂವತ್ತು ವರ್ಷ ನಡೆಸಿ ನಿವೃತ್ತನಾದವನು. ಎಲ್ಲರೂ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು, ಅವನೂ ಅದಕ್ಕೆ ತಕ್ಕ ಹಾಗೆ ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದ.

"ಮೆಟ್ಟಿಲ ಮೇಲೆ ಫ್ರಿಜ್ ಹೊತ್ಕೊಂಡು ಹೋಗೋದು ಮೂರ್ಖರ ಕೆಲಸ" ಎಂದ ಕ್ಲೋವಿಸ್. "ಹಗ್ಗ ಇದೆ, ರಾಟೆ ಇದೆ, ನಿನ್ನ ಪಿಕಪ್ ಇದೆ. ಹಗ್ಗ ಮೇಲಿನ ಜಗಲಿಯಿಂದ ಹಾಯ್ಸು, ಪಿಕಪ್ ಮುಂದಕ್ಕೆ ಓಡ್ಸು. ಫ್ರಿಜ್ ತಾನಾಗೇ ಮೇಲಕ್ಕೆ ಬರುತ್ತೆ."

"ಬೀಳಲ್ವಾ?"

"ಇನ್ನೂರು ಟನ್ ದೋಣಿ ಎಳೆದೋನು ನಾನು. ನನ್ನ ಕೇಳ್ತೀಯಾ ಬೀಳುತ್ತಾ ಅಂತ?"

ಫ್ರಿಜ್ ಬೀಳಲಿಲ್ಲ. ಆರಡಿ ಮೇಲಕ್ಕೆ ಹೋಗಿ ನಿಂತುಬಿಟ್ಟಿತು. ರಾಟೆಯಲ್ಲಿ ಹಗ್ಗ ಸಿಕ್ಕಿಕೊಂಡಿತು. ಪಿಕಪ್ ಮುಂದೆ ಹೋದರೆ ಹಗ್ಗ ಕಿರುಗುಟ್ಟಿತು, ಹಿಂದೆ ಬಂದರೆ ಫ್ರಿಜ್ ಓಲಾಡಿತು. ಅಷ್ಟರಲ್ಲಿ ಅದರ ಬಾಗಿಲು ತೆರೆದುಕೊಂಡು ಒಂದು ವಾರಕ್ಕಾಗುವಷ್ಟು ಸಿಗಡಿ, ಅರ್ಧ ಕುಂಬಳದ ಪೈ, ಯೂಲಾಲಿಯ ಉಪ್ಪಿನಕಾಯಿ ಜಾಡಿ ಒಂದರ ಹಿಂದೆ ಒಂದು ಇಳಿದು ಬಂದವು. ನೋಡಲು ನಿಂತಿದ್ದವರಲ್ಲಿ ಯಾರೋ, "ಪೈ ಇನ್ನೂ ಚೆನ್ನಾಗಿದೆ, ಒಂದು ಕಡೆ ಮಾತ್ರ ಹುಲ್ಲು ಅಂಟಿದೆ" ಎಂದರು.

ಫ್ರಿಜ್ಜನ್ನು ಕೆಳಗಿಳಿಸುವಷ್ಟರಲ್ಲಿ ಒಂಬತ್ತು ಗಂಟೆ. ಅಲ್ಲಿಗೆ ಪೂರ್ತಿ ಒಂದು ಗಂಟೆ ದುಡಿದು, ಇದ್ದ ಜಾಗದಿಂದ ಎರಡಡಿ ಎಡಕ್ಕೆ ಸರಿಸಿದಂತಾಗಿತ್ತು.

ಎಲ್ಫೆಜ್ ತಲೆ ಮೇಲೆ ಕೈ ಹೊತ್ತು ಕುಳಿತ. ಆಗ ಮಿಸ್ ಒಡೆಲ್ಲಾ ಬೇಲಿಯ ಆಚೆಯಿಂದ ಕೂಗಿದಳು.

"ಮೇಲೇ ಯಾಕೆ ಸಾಗಿಸ್ತೀರೋ? ಆ ಹೆಂಗಸು ನೋಡೋದು ಕೆಳಗೆ ಏನಾದ್ರೂ ಇದೆಯಾ ಅಂತ ತಾನೆ? ಕೆಳಗೆ ಇರದಿದ್ರೆ ಆಯ್ತು. ನನ್ನ ಮನೇಲಿ ತಂದಿಡಿ. ಮೆಟ್ಟಿಲೂ ಇಲ್ಲ, ಏನೂ ಇಲ್ಲ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಸುಲಭದ ಉಪಾಯ ಯಾರಿಗೂ ಹೊಳೆದಿರಲಿಲ್ಲ. ಕ್ಲೋವಿಸ್ ಮಾತ್ರ, "ನಾನೂ ಅದನ್ನೇ ಹೇಳೋಣ ಅಂತಿದ್ದೆ" ಎಂದ.

ಆಮೇಲೆ ಕೆಲಸ ಭರದಿಂದ ಸಾಗಿತು. ಒಲೆ ಹೋಯಿತು, ಫ್ರಿಜ್ ಹೋಯಿತು, ಗ್ಯಾಸ್ ಸಿಲಿಂಡರ್ ಹೋಯಿತು, ಮೆಷಿನ್, ಸೋಫಾ, ಟಿವಿ, ಮಂಚ, ಬೀರು, ಬಟ್ಟೆ, ತಟ್ಟೆ, ಲೋಟ, ಸೊಳ್ಳೆ ಪರದೆ, ಮಡಚುವ ಕುರ್ಚಿ, ಗೋಡೆಯಿಲ್ಲದ ಮನೆಯಲ್ಲಿ ಕಂಬಕ್ಕೆ ಹೊಡೆದಿದ್ದ ಮದುವೆಯ ಫೋಟೋ ಎಲ್ಲ ಹೋದವು. ಕೊನೆಗೆ ಯೂಲಾಲಿಯೂ ಹೋದಳು. ಕ್ಲೋವಿಸ್ ತನ್ನ ಮನೆಯಿಂದ ಏಡಿ ಹಿಡಿಯುವ ಬೋನುಗಳನ್ನು ತಂದು ಒಂದು ಮೂಲೆಯಲ್ಲಿ ಜೋಡಿಸಿದ, "ನೋಡೋಕೆ ಗೋದಾಮಿನ ಹಾಗೆ ಕಾಣ್ಬೇಕು" ಎಂದು. ಎಲ್ಫೆಜ್ ಪೈಪು ಹಿಡಿದು ನೆಲ ತೊಳೆದ. ಹತ್ತೂ ಮುಕ್ಕಾಲಿಗೆ ಮನೆಯ ಕೆಳಗೆ ಒಂದು ಪಿಕಪ್, ಆರು ಬೋನು, ಒಂದು ಬಲೆ ಬಿಟ್ಟರೆ ಬೇರೇನೂ ಇರಲಿಲ್ಲ.

ಮಿಸ್ ಪ್ರಿಚರ್ಡ್ ಸರಿಯಾಗಿ ಹನ್ನೊಂದಕ್ಕೆ ಬಂದಳು. ಮೂವತ್ತೈದರ ಆಸುಪಾಸಿನ ತೆಳ್ಳನೆಯ ಹೆಂಗಸು, ಕೈಯಲ್ಲಿ ಅಳತೆಯ ಟೇಪು. ಕಂಬ ಅಳೆದಳು. ಮೂಲೆ ಮೂಲೆಗೆ ಟಾರ್ಚ್ ಬಿಟ್ಟಳು. ಎಲ್ಫೆಜ್ ಅವಳ ಹಿಂದೆಯೇ ನಡೆದ. ಬೇಲಿಯ ಪಕ್ಕದಲ್ಲಿ ಕ್ಲೋವಿಸ್, ಮಿಸ್ ಒಡೆಲ್ಲಾ ಏನೂ ಗೊತ್ತಿಲ್ಲದವರ ಹಾಗೆ ಆಕಾಶ ನೋಡುತ್ತ ನಿಂತಿದ್ದರು.

"ಮಿಸ್ಟರ್ ನಾಕಿನ್, ಒಂದು ಮಾತು ಹೇಳ್ಲಾ?" ಎಂದಳು ಅವಳು. "ಈ ವರ್ಷ ನಲವತ್ತು ಮನೆ ನೋಡಿದೀನಿ. ಎಲ್ಲ ಕಡೆನೂ ಜನ ಕೆಳಗೆ ಏನಾದ್ರೊಂದು ಇಟ್ಕೊಂಡಿರ್ತಾರೆ. ಒಂದು ಸೋಫಾ, ಒಂದು ಒಲೆ. ಒಬ್ರು ಅಜ್ಜಿನೇ ಇಟ್ಟಿದ್ರು. ಇಷ್ಟು ಚೊಕ್ಕವಾಗಿ ಇಟ್ಟಿರೋರು ನೀವೊಬ್ರೇ."

ಎಲ್ಫೆಜನ ಎದೆ ಉಬ್ಬಿತು. "ಕರಾರು ಅಂದ್ರೆ ಕರಾರು ಮೇಡಂ."

"ಸರಿ, ಮೇಲೆ ಹೋಗೋಣ್ವಾ?"

"ಮೇಲೆ?"

"ಮನೆ ಒಳಗೆ. ಅದನ್ನೂ ನೋಡಿ ಬರೀಬೇಕು."

ಮೇಲಿನದನ್ನು ಯಾರೂ ಯೋಚಿಸಿರಲೇ ಇಲ್ಲ. ಎಲ್ಫೆಜ್ ಹದಿನೇಳು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಜೇಬು ತಡವಿದ. ಬೀಗದ ಕೈ ಬೀರುವಿನಲ್ಲಿತ್ತು. ಬೀರು ಮಿಸ್ ಒಡೆಲ್ಲಾಳ ನಡುಮನೆಯಲ್ಲಿತ್ತು. ಇಳಿದ, ಬೇಲಿ ದಾಟಿದ, ಬೀಗದ ಕೈ ತಂದ, ಮತ್ತೆ ಹತ್ತಿದ. ಮಿಸ್ ಪ್ರಿಚರ್ಡ್ ಅವನು ಹೋಗಿಬಂದ ದಾರಿಯನ್ನು ಜಗಲಿಯ ಮೇಲಿಂದ ನೋಡುತ್ತ ನಿಂತಿದ್ದಳು.

ಬಾಗಿಲು ತೆರೆದಾಗ ಮುಗ್ಗಲು ವಾಸನೆ ಹೊರಗೆ ಬಂತು. ನಡುಮನೆ ಖಾಲಿ. ಮಲಗುವ ಕೋಣೆ ಖಾಲಿ. ಅಡುಗೆಮನೆಯಲ್ಲಿ ಒಲೆ ಇದ್ದ ಕಡೆ ನೆಲದ ಮೇಲೆ ಒಂದು ಚೌಕ ಗುರುತು, ಫ್ರಿಜ್ ಇದ್ದ ಕಡೆ ಇನ್ನೊಂದು. ಕಿಟಕಿಯ ಮೂಲೆಯಲ್ಲಿ ಕಣಜಗಳು ಮಾವಿನ ಹಣ್ಣಿನಷ್ಟು ದೊಡ್ಡ ಗೂಡು ಕಟ್ಟಿದ್ದವು. ಮಿಸ್ ಪ್ರಿಚರ್ಡ್ ನಲ್ಲಿ ತಿರುಗಿಸಿದಳು. ಅದು ಮುದುಕನ ಹಾಗೆ ಕೆಮ್ಮಿ, ಸ್ವಲ್ಪ ಯೋಚಿಸಿ, ಕಂದು ಬಣ್ಣದ ನೀರನ್ನು ಉಗುಳಿತು.

"ಇಲ್ಲಿ ಯಾರು ವಾಸ ಮಾಡ್ತಾರೆ?" ಎಂದು ಕೇಳಿದಳು.

"ನಾವೇ ಮೇಡಂ. ನಾನು, ನನ್ನ ಹೆಂಡತಿ."

"ಮಲಗೋದೆಲ್ಲಿ?"

ಕೆಳಗೆ ಎಂದರೆ ಕರಾರು ಮುರಿದಂತೆ. ಇಲ್ಲೇ ಎಂದರೆ ಎಲ್ಲಿ ಎಂದು ತೋರಿಸಬೇಕು. ಎರಡು ಉತ್ತರಗಳ ನಡುವೆ ಎಲ್ಫೆಜ್ ಬೆಳಿಗ್ಗೆ ತಮ್ಮ ಫ್ರಿಜ್ ನಿಂತ ಹಾಗೆ ನಿಂತ.

ಮೆಟ್ಟಿಲ ಬುಡಕ್ಕೆ ಬಂದು ಕಿವಿಗೊಟ್ಟಿದ್ದ ಕ್ಲೋವಿಸನಿಗೆ ಗೆಳೆಯನ ಸಂಕಟ ನೋಡಲಾಗಲಿಲ್ಲ. ಅಲ್ಲಿಂದಲೇ ಕೂಗಿದ.

"ಕೆಳಗೆ ಮಲಗೋದಿಲ್ಲ ಮೇಡಂ, ಆಣೆ ಮಾಡಿ ಹೇಳ್ತೀನಿ. ಅವರು ಮಲಗೋದು ಪಕ್ಕದ ಮಿಸ್ ಒಡೆಲ್ಲಾ ಮನೇಲಿ."

ಎಲ್ಫೆಜ್ ಹೊರಗೋಡಿ, ಜಗಲಿಯಿಂದ ಬಗ್ಗಿ, ಸುಮ್ಮನಿರು ಎಂದು ಕೈಯಾಡಿಸಿದ. ಇನ್ನೂ ಜೋರಾಗಿ ಹೇಳು ಎನ್ನುತ್ತಿದ್ದಾನೆ ಎಂದುಕೊಂಡು ಮಿಸ್ ಒಡೆಲ್ಲಾ ದನಿ ಸೇರಿಸಿದಳು.

"ಎಂಟು ತಿಂಗಳಾಯ್ತು ಕಣಮ್ಮ. ಊಟ, ನಿದ್ದೆ, ಬಟ್ಟೆ ಒಗೆಯೋದು ಎಲ್ಲ ನಮ್ಮನೇಲೇ. ಬೇಕಾದ್ರೆ ಬಂದು ನೋಡು. ಮೇಲೆ ಒಂದು ದಿನಾನೂ ಇರಲಿಲ್ಲ."

ಮಿಸ್ ಪ್ರಿಚರ್ಡ್ ಬಂದು ನೋಡಿದಳು. ಒಡೆಲ್ಲಾಳ ನಡುಮನೆಯಲ್ಲಿ ನಾಕಿನ್ ದಂಪತಿಯ ಮಂಚ, ಮಂಚದ ಮೇಲೆ ಮದುವೆಯ ಫೋಟೋ. ಸೋಫಾದ ಮೇಲೆ ಯೂಲಾಲಿ ಮಂಡಿಗೆ ಐಸ್ ಇಟ್ಟುಕೊಂಡು ಕುಳಿತಿದ್ದಳು.

"ನೀವು ಇಲ್ಲೇ ಇರೋದಾ ಅಮ್ಮ?" ಎಂದು ಕೇಳಿದಳು.

ಯೂಲಾಲಿ ಬಾಗಿಲಲ್ಲಿ ನಿಂತ ಗಂಡನ ಮುಖ ನೋಡಿದಳು. ಅವನ ಹಿಂದೆ ಕ್ಲೋವಿಸ್ ಹೌದು ಹೌದು ಎಂದು ಜೋರಾಗಿ ತಲೆಯಾಡಿಸುತ್ತಿದ್ದ. ಅವಳಿಗೆ ಮೇಲೆ ನಡೆದದ್ದು ಗೊತ್ತಿರಲಿಲ್ಲ. "ಹೌದು" ಎಂದಳು. ಮಿಸ್ ಪ್ರಿಚರ್ಡ್ ಕೊಟ್ಟ ಕಾಗದಕ್ಕೆ ಸಹಿಯನ್ನೂ ಹಾಕಿದಳು.

ಮಿಸ್ ಪ್ರಿಚರ್ಡ್ ತನ್ನ ಕಾರಿನ ಬಳಿ ನಿಂತು ಎಲ್ಫೆಜನಿಗೆ ಬೇಸರದಿಂದಲೇ ಹೇಳಿದಳು.

"ಕೆಳಭಾಗಕ್ಕೆ ನೂರಕ್ಕೆ ನೂರು ಕೊಟ್ಟಿದೀನಿ. ಆದ್ರೆ ಈ ಅನುದಾನ ಕೊಟ್ಟಿದ್ದು ಮಾಲೀಕರು ವಾಸ ಮಾಡೋ ಮನೆಗೆ. ನಿಮ್ಮದು ಖಾಲಿ ಮನೆ ಅಂತ ಬರೀಬೇಕಾಗಿದೆ. ವಿಮೆಯೋರಿಗೂ ತಿಳಿಸ್ಬೇಕು, ಖಾಲಿ ಮನೆಗೆ ಅವರ ದರವೇ ಬೇರೆ. ನಿಮಗೆ ಮೂವತ್ತು ದಿನ ಟೈಮ್ ಇದೆ. ಅಷ್ಟರಲ್ಲಿ ಮಾಲೀಕರು ಮೇಲೆ ಇರೋಕೆ ಶುರು ಮಾಡಿದ್ರೆ ಸರಿ, ಇಲ್ಲಾಂದ್ರೆ ಅನುದಾನ ವಾಪಸ್ ಕೊಡ್ಬೇಕಾಗುತ್ತೆ. ನಾನು ಹೇಳದೆ ಕೇಳದೆ ಬರ್ತೀನಿ."

"ಬೆಳಗ್ಗೆನಾ, ಸಂಜೆನಾ?"

"ಅದೇ ಹೇಳಿದ್ನಲ್ಲ, ಹೇಳದೆ."

ಕಾರು ಹೋಯಿತು. ಎಲ್ಫೆಜ್ ಕ್ಲೋವಿಸನ ಕಡೆ ತಿರುಗಿದ. ಕ್ಲೋವಿಸ್ ಸೊಂಟ ಹಿಡಿದುಕೊಂಡು, "ಬೆಳಗ್ಗೆಯಿಂದ ಎತ್ತಿ ಎತ್ತಿ ಇಲ್ಲಿ ಏನೋ ಕಟಕ್ ಅಂತು ಮಾರಾಯ" ಎಂದು ತನ್ನ ಆರು ಬೋನುಗಳನ್ನು ಒಂದೇ ಸಲಕ್ಕೆ ಹೊತ್ತುಕೊಂಡು ಮನೆಗೆ ಹೋದ. ಬೀದಿಯವರೆಲ್ಲರಿಗೂ ಅದೇ ಹೊತ್ತಿಗೆ ಬೇರೆ ಬೇರೆ ಕೆಲಸಗಳು ನೆನಪಾದವು.

ಮಧ್ಯಾಹ್ನ ಎಲ್ಫೆಜ್ ಪಕ್ಕದ ಮನೆಗೆ ಹೋದಾಗ ಅಡುಗೆಮನೆಯಲ್ಲಿ ಎರಡು ಒಲೆಯೂ ಹತ್ತಿದ್ದವು. ಬಿದ್ದು ಉಳಿದ ಸಿಗಡಿಯನ್ನು ತೊಳೆದು ಎರಡು ಪಾಲು ಮಾಡಿ, ಯೂಲಾಲಿ, ಮಿಸ್ ಒಡೆಲ್ಲಾ ಇಬ್ಬರೂ ಬೇರೆ ಬೇರೆ ಗಂಬೋ ಸಾರು ಮಾಡುತ್ತಿದ್ದರು. ಆ ಸಾರಿಗೆ ಹಾಕುವ ಹಿಟ್ಟನ್ನು ಎಷ್ಟು ಕೆಂಪಗೆ ಹುರಿಯಬೇಕು ಎಂಬ ವಿಷಯದಲ್ಲಿ ಇಪ್ಪತ್ತು ವರ್ಷದಿಂದ ಅವರಿಗೆ ಒಮ್ಮತವಿರಲಿಲ್ಲ. ಕಿಟಕಿಯಲ್ಲಿ ಏಸಿ ತಣ್ಣಗೆ ಗುಂಯ್‌ಗುಡುತ್ತಿತ್ತು.

"ಯೂಲಾಲಿ, ವಿಷಯ ಹೀಗಾಗಿದೆ" ಎಂದು ಅವನು ಎಲ್ಲವನ್ನೂ ಹೇಳಿದ. "ಅದಕ್ಕೆ ಇವತ್ತಿಂದಲೇ ನಾವು ಮೇಲೆ ಹೋಗಿ ಇರ್ಬೇಕು."

"ನಾನು ಬರೋಲ್ಲ" ಎಂದಳು ಯೂಲಾಲಿ, ಸೌಟು ಆಡಿಸುತ್ತ.

"ಬರೋಲ್ಲ ಅಂದ್ರೆ?"

"ನಾನು ಇಲ್ಲೇ ಇರೋದು ಅಂತ ಸರ್ಕಾರಕ್ಕೆ ಸಹಿ ಹಾಕಿ ಕೊಟ್ಟಿದೀನಿ. ಸಹಿ ಹಾಕಿದ ಮೇಲೆ ಮುಗೀತು. ಸುಳ್ಳು ಹೇಳಿದ್ಲು ಅನ್ನಿಸ್ಕೊಳ್ಳೋಕೆ ನನಗಿಷ್ಟ ಇಲ್ಲ. ಇಲ್ಲಿ ಮೆಟ್ಟಿಲಿಲ್ಲ, ಏಸಿ ಇದೆ, ಒಡೆಲ್ಲಾಗೂ ಮಾತಿಗೆ ಜನ ಬೇಕು."

"ಇರ್ಲಿ ಬಿಡು ಪಾಪ" ಎಂದಳು ಮಿಸ್ ಒಡೆಲ್ಲಾ, ಯೂಲಾಲಿಯ ಪಾತ್ರೆಯೊಳಗೆ ಇಣುಕಿ ಮೂಗು ಮುರಿಯುತ್ತ.

"ಹಾಗಾದ್ರೆ ಮೇಲೆ?"

"ಆಕೆ ಏನಂದ್ಲು? ಮಾಲೀಕರು ಇರ್ಬೇಕು ಅಂತ. ಕಾಗದ ಯಾರ ಹೆಸರಲ್ಲಿದೆ?"

"ನನ್ನ ಹೆಸರಲ್ಲಿ."

"ಮತ್ತಿನ್ನೇನು" ಎಂದಳು ಯೂಲಾಲಿ. "ಮಂಚ ಕೇಳ್ಬೇಡ, ನನಗೆ ಬೇಕು. ಆ ಮಡಚೋ ಕುರ್ಚಿ ತಗೊಂಡು ಹೋಗು. ಊಟಕ್ಕೆ ಇಳಿದು ಬಾ, ಆದ್ರೆ ಬೇಗ ಮುಗಿಸ್ಕೊಂಡು ಹತ್ತು. ಆಕೆ ಯಾವಾಗ ಬರ್ತಾಳೋ."